ಕೌದಿಯ ಮೇಲಣ ಗೆರೆಗಳು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೌದಿಯಿಲ್ಲದ ಮನೆಯನ್ನು ಕಾಣುವುದು ಕಷ್ಟ. ಉಟ್ಟು ಹಳತಾದ ಸೀರೆ, ಧೋತರ, ಕುಪ್ಪಸದ ತುಂಡು, ಮಕ್ಕಳ ಅಂಗಿ, ಹೀಗೆ ಮೈಮೇಲಿನ ಕೆಲಸವನ್ನು ಮುಗಿಸಿದ ಬಟ್ಟೆಗಳೆಲ್ಲ ಪದರಪದರವಾಗಿ ಕೂಡಿ ಅಲ್ಲಿ ಹೊದಿಕೆಯಾಗಿ ಮರುಹುಟ್ಟು ಪಡೆಯುತ್ತವೆ. ಅವುಗಳನ್ನು ಒಂದುಗೂಡಿಸಿ ಹಿಡಿದಿರುವುದು ಅಂಟಲ್ಲ, ಗುಂಡಿಯಲ್ಲ; ಸೂಜಿಯು ಒಮ್ಮೆ ಕೆಳಕ್ಕೆ ಒಮ್ಮೆ ಮೇಲಕ್ಕೆ ಮುಳುಗೇಳುತ್ತ ಸಾಗುವ ಸಾದಾ ಹೊಲಿಗೆಯ ಸಾಲುಗಳು. ಕೌದಿಯನ್ನು ಬಿಸಿಲಿಗೆ ಹರವಿ ಸ್ವಲ್ಪ ದೂರ ನಿಂತು ನೋಡಿದರೆ, ಉತ್ತ ಹೊಲದಲ್ಲಿ ನೇಗಿಲ ಸಾಲುಗಳು ತೋರುವಂತೆ ಈ ಸಾಲುಗಳು ತೋರುವುವು.

ಈ ಸಾಲುಗಳು ನೆಟ್ಟಗಿರಬೇಕು, ಒಂದಕ್ಕೊಂದು ಸಮದೂರದಲ್ಲಿಯೂ ಇರಬೇಕು. ಇದು ಬರಿಯ ಅಂದದ ಮಾತಲ್ಲ. ಸಾಲುಗಳ ನಡುವಣ ಅಂತರ ಹೆಚ್ಚಾದ ಕಡೆ ಒಳಗಿನ ಹಳೆಯ ಪದರಗಳು ಒಗೆತಕ್ಕೆ ಸಿಕ್ಕಿ ಜಾರಿ ಮುದ್ದೆಗಟ್ಟುತ್ತವೆ. ಅಂತರ ಕಡಮೆಯಾದ ಕಡೆ ಬಟ್ಟೆ ಬಿರುಸಾಗಿ ಮೈಗೆ ಒಗ್ಗದೆ ನಿಲ್ಲುತ್ತದೆ. ಅಂತರವೆಲ್ಲವೂ ಸಮನಾಗಿದ್ದರೆ ಎಳೆತವನ್ನು ಎಲ್ಲ ಸಾಲುಗಳೂ ಸಮವಾಗಿ ಹೊರುತ್ತವೆ. ಕೌದಿ ಬಹುಕಾಲ ಬಾಳುತ್ತದೆ.

ಇಂತಹ ಗೆರೆಗಳನ್ನು ಎಳೆಯುವುದರಲ್ಲಿ ಏನು ಮಹಾ ಕಷ್ಟವಿದೆ ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಎರಡು ವರ್ಷಗಳ ಹಿಂದೆ ನನ್ನ ತಂಗಿಯ ಬಾಣಂತನಕ್ಕೆಂದು ಅವ್ವ ಒಂದು ಕೌದಿಯನ್ನು ಹೊಲಿಯಲು ಹಿಡಿದಳು. ಅವಳ ಎರಡು ಕಣ್ಣುಗಳಲ್ಲಿಯೂ ಪೊರೆ ಬಲಿತು, ಹಿಂದಿನ ಸಾಲಿನ ಬಿಳಿಯ ದಾರ ಮಾಸಿದ ಬಟ್ಟೆಯ ಮೇಲೆ ಕಾಣದಂತಾಗಿತ್ತು. ನಲವತ್ತು ವರ್ಷ ಕಣ್ಣಳತೆಯಿಂದಲೇ ಹೊಲಿದವಳು ಸೂಜಿ ಹಿಡಿದು ಸುಮ್ಮನೆ ಕುಳಿತಿದ್ದುದನ್ನು ನೋಡಿ, ದಪ್ಪನೆಯ ಗೆರೆಗಳನ್ನು ನಾನು ಎಳೆದುಕೊಡುತ್ತೇನೆ, ನೀನು ಅವುಗಳ ಮೇಲೆ ಹೊಲಿದರಾಯಿತು ಎಂದು ಭರವಸೆ ಕೊಟ್ಟೆ. ಭೌತವಿಜ್ಞಾನದ ಅಧ್ಯಾಪಕನಿಗೆ ಕೆಲವು ಸಮಾಂತರ ರೇಖೆಗಳನ್ನು ಎಳೆಯುವುದು ಎಷ್ಟರ ಕೆಲಸ!

ಬಟ್ಟೆಯ ಅಗಲ 160 ಸೆಂಟಿಮೀಟರು. ಸಾಮಾನ್ಯವಾಗಿ ಕೌದಿಯ ಸಾಲುಗಳು ಬಹಳ ಒತ್ತಾಗಿರುವುದುಂಟು. ಆದರೆ ಕಣ್ಣು ಮಂಜಾದವಳಿಗೆ ಎರಡೂವರೆ ಸೆಂಟಿಮೀಟರಿಗೆ ಒಂದು ಸಾಲು ಸಾಕೆಂದು ನಿಶ್ಚಯಿಸಿದೆ. ಲೆಕ್ಕ ಸುಲಭವಾಗಿತ್ತು: 64 ಪಟ್ಟೆಗಳು, ಅವುಗಳ ನಡುವೆ 63 ಗೆರೆಗಳು. ಸರಿಯಾಗಿ 25 ಮಿಲಿಮೀಟರು ಅಗಲದ ಒಂದು ಮರದ ಪಟ್ಟಿಯನ್ನು ಬಡಗಿಯಿಂದ ಮಾಡಿಸಿ ತಂದೆ. ಎಡ ಅಂಚಿಗೆ ಅದನ್ನಿಟ್ಟು ದರ್ಜಿಯ ನೀಲಿ ಚಾಕಿನಿಂದ ಮೊದಲನೆಯ ಗೆರೆ, ಆ ಗೆರೆಗೆ ಪಟ್ಟಿಯನ್ನು ತಾಗಿಸಿ ಎರಡನೆಯದು, ಎರಡನೆಯದಕ್ಕೆ ತಾಗಿಸಿ ಮೂರನೆಯದು. ಹೀಗೆ ಒಂದು ಮಧ್ಯಾಹ್ನವೆಲ್ಲ ಎಳೆಯುತ್ತ ಹೋದೆ. ಪಟ್ಟಿ ಗಿಡ್ಡದಾದುದರಿಂದ ಪ್ರತಿಯೊಂದು ಗೆರೆಗೂ ಅದನ್ನು ಮೂರು ಸಲ ಸರಿಸಬೇಕಾಗಿತ್ತು. ಬಲ ಅಂಚನ್ನು ಮುಟ್ಟಿದಾಗ ಎಣಿಸಿದರೆ ಗೆರೆಗಳು ಅರವತ್ತೆರಡೇ ಇದ್ದವು. ಕೊನೆಯ ಪಟ್ಟೆಯ ಅಗಲ ತಲೆಯ ಕಡೆ ಎರಡು ಸೆಂಟಿಮೀಟರಿಗೆ ತುಸು ಕಡಮೆ, ಕಾಲಿನ ಕಡೆ ಸುಮಾರು ಒಂದೇ ಸೆಂಟಿಮೀಟರು. ಒಂದು ಗೆರೆ ಎಲ್ಲಿ ಹೋಯಿತು?

ಸುಳಿವು ಚಾಕಿನ ದಪ್ಪದಲ್ಲಿತ್ತು. ಪಟ್ಟಿಯ ಅಂಚಿಗೆ ಒತ್ತಿ ಎಳೆದರೂ ಚಾಕಿನ ಗೆರೆ ಆ ಅಂಚಿನಿಂದ ಅರ್ಧ ಮಿಲಿಮೀಟರಿನಷ್ಟು ಆಚೆಗೇ ಬೀಳುತ್ತದೆ. ಮುಂದಿನ ಸಲ ಪಟ್ಟಿಯನ್ನು ಇಡುವುದು ಆ ಗೆರೆಗೆ ತಾಗಿಸಿ. ಆದುದರಿಂದ ನನ್ನ ಹೆಜ್ಜೆ 25 ಮಿಲಿಮೀಟರಲ್ಲ, 25.5 ಮಿಲಿಮೀಟರು. ಅಂತಹ ಅರವತ್ತೆರಡು ಹೆಜ್ಜೆಗಳಿಗೆ 1581 ಮಿಲಿಮೀಟರು; 1600ರಲ್ಲಿ ಉಳಿದದ್ದು 19. ಅರ್ಧ ಮಿಲಿಮೀಟರಿನ ತಪ್ಪು ಒಂದೊಂದು ಹೆಜ್ಜೆಯಲ್ಲಿಯೂ ಒಂದೇ ದಿಕ್ಕಿಗೆ ಆಗುತ್ತ ಬಂದು, ಅರವತ್ತನಾಲ್ಕರ ಕೊನೆಗೆ 32 ಮಿಲಿಮೀಟರಾಗುತ್ತದೆ; ಅಂದರೆ ಒಂದು ಪೂರ್ತಿ ಪಟ್ಟೆಗಿಂತಲೂ ಹೆಚ್ಚು. ಸದಾ ಒಂದೇ ಕಡೆಗೆ ವಾಲುವ ಇಂತಹ ತಪ್ಪಿಗೆ ನಿಯತ ದೋಷವೆಂದು ಹೆಸರು.

ಹಾಗಾದರೆ ಕಾಲಿನ ಕಡೆ ಇನ್ನೂ ಒಂದು ಸೆಂಟಿಮೀಟರು ಕಡಮೆಯಾದದ್ದೇಕೆ? ಅಲ್ಲಿ ನಿಯತ ದೋಷದ ಜೊತೆಗೆ ಇನ್ನೊಂದು ಬಗೆಯದೂ ಸೇರಿತ್ತು. ಪಟ್ಟಿಯನ್ನು ಗೆರೆಗೆ ತಾಗಿಸುವಾಗ ಕೈ ಒಮ್ಮೆ ಸ್ವಲ್ಪ ಎಡಕ್ಕೆ, ಒಮ್ಮೆ ಸ್ವಲ್ಪ ಬಲಕ್ಕೆ ತಪ್ಪುವುದು ಸಹಜ. ಇದು ಆಕಸ್ಮಿಕ ದೋಷ. ಎಡಬಲಗಳ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಸೊನ್ನೆಯೇ ಉಳಿಯಬೇಕಲ್ಲ ಎಂದು ತೋರಬಹುದು, ಅದು ಸರಿಯಲ್ಲ. ಕುಡಿದವನೊಬ್ಬನು ದೀಪದ ಕಂಬದ ಬುಡದಿಂದ ಹೊರಟು, ಒಂದೊಂದು ಹೆಜ್ಜೆಯನ್ನೂ ಮನಸ್ಸು ಬಂದ ಕಡೆಗೆ ಇಡುತ್ತಾನೆಂದು ಭಾವಿಸೋಣ. ಅವನು ಎಲ್ಲಿರುವನೆಂದು ಖಚಿತವಾಗಿ ಹೇಳಲು ಬಾರದು. ಆದರೆ ಕಂಬದಿಂದ ಅವನ ದೂರವು ಹೆಜ್ಜೆಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆಂದು ಗಣಿತವು ತೋರಿಸುತ್ತದೆ. 64 ಹೆಜ್ಜೆಗಳಾದ ಮೇಲೆ ಎಂಟು ಹೆಜ್ಜೆಗಳ ದೂರ. ಒಂದೊಂದು ಸಲಕ್ಕೆ ಅರ್ಧ ಮಿಲಿಮೀಟರಿನ ಆಕಸ್ಮಿಕ ದೋಷವಿದ್ದರೆ ಕೊನೆಯ ಗೆರೆಯಲ್ಲಿ ಅದು ನಾಲ್ಕು ಮಿಲಿಮೀಟರಿನ ಸುಮಾರಿನಲ್ಲಿರುವುದು. ಮಧ್ಯಾಹ್ನದ ಕೊನೆಗೆ ಸೊಂಟ ನೋಯುತ್ತಿದ್ದಾಗ ನನ್ನ ತಪ್ಪು ಅರ್ಧ ಮಿಲಿಮೀಟರನ್ನು ಮೀರಿತ್ತೆಂಬುದರಲ್ಲಿ ಸಂಶಯವಿಲ್ಲ. ತಲೆಯ ಕಡೆಯ ಹೆಜ್ಜೆಗಳೂ ಕಾಲಿನ ಕಡೆಯ ಹೆಜ್ಜೆಗಳೂ ತಮ್ಮತಮ್ಮ ದಾರಿಯಲ್ಲಿ ಅಲೆದಾಡಿದುದರಿಂದ ಗೆರೆಗಳು ಸಮಾಂತರವಾಗಿ ಉಳಿಯದೆ ಬೀಸಣಿಗೆಯ ಕಡ್ಡಿಗಳಂತೆ ಓರೆಯಾದವು.

ಅವ್ವ ಗೆರೆಗಳನ್ನು ನೋಡಲಿಲ್ಲ. ಬೆರಳಿನಿಂದ ಕೊನೆಯ ಪಟ್ಟೆಯನ್ನು ಸವರಿದಳು. “ತಮ್ಮಾ, ಒಂದರ ಬೆನ್ನ ಹಿಡದು ಒಂದ ಹೊಂಟರ ಎಲ್ಲಿ ಮುಟ್ಟತೀ? ಮೊದಲ ನಡಕ ಹಿಡಿ” ಎಂದಳು. ಚಾಕಿನ ಪುಡಿಯನ್ನೆಲ್ಲ ಕೊಡವಿ, ಮೇಲಿನ ಬಟ್ಟೆಯೊಂದನ್ನೇ ತೆಗೆದು, ಎಡ ಅಂಚನ್ನು ಬಲ ಅಂಚಿಗೆ ಕೂಡಿಸಿ ನಡುವೆ ಮಡಿಸಿದಳು. ಮಡಿಕೆಯನ್ನು ಉಗುರಿನಿಂದ ಗೀರಿ, ಬಿಡಿಸಿ, ಪುನಃ ಒಂದೊಂದು ಅಂಚನ್ನೂ ಆ ಮಡಿಕೆಗೆ ತಂದು ಮಡಿಸಿದಳು. ಹೀಗೆ ಎರಡು, ನಾಲ್ಕು, ಎಂಟು ಪಾಲುಗಳಾದವು. ಅಳತೆಪಟ್ಟಿಯ ಅಗತ್ಯವೇ ಬರಲಿಲ್ಲ.

ಈ ಮಡಿಸುವ ಕೆಲಸದಲ್ಲಿ ಎಷ್ಟು ರೇಖಾಗಣಿತವಿದೆ ನೋಡಿ. ಒಂದು ಅಂಚಿನ ಬಿಂದುಗಳು ಮತ್ತೊಂದು ಅಂಚಿನ ಬಿಂದುಗಳ ಮೇಲೆ ಕೂತಾಗ, ಮಡಿಕೆಯ ಮೇಲಿನ ಪ್ರತಿಯೊಂದು ಬಿಂದುವೂ ಅಂತಹ ಎರಡು ಬಿಂದುಗಳಿಂದ ಸಮದೂರದಲ್ಲಿರಲೇಬೇಕು. ಎರಡು ಬಿಂದುಗಳಿಂದ ಸಮದೂರದಲ್ಲಿರುವ ಬಿಂದುಗಳೆಲ್ಲ ಅವುಗಳನ್ನು ಸೇರಿಸುವ ರೇಖೆಯ ಲಂಬಾರ್ಧಕದ ಮೇಲಿರುತ್ತವೆಂಬುದು ಪ್ರೌಢಶಾಲೆಯ ಪಾಠ. ಆದುದರಿಂದ ಮಡಿಕೆ ನೆಟ್ಟಗಿರುವುದೂ ಬಟ್ಟೆಯನ್ನು ಸರಿಪಾಲು ಮಾಡುವುದೂ ಒಂದೇ ಕ್ರಿಯೆಯ ಫಲ. ಅವ್ವ ಒಂದು ಮಡಿಕೆಯ ಮೇಲೆ ಇನ್ನೊಂದನ್ನು ಹೇರದೆ ಪ್ರತಿಸಲವೂ ಬಿಡಿಸಿದ್ದಕ್ಕೂ ಕಾರಣವುಂಟು. ದಪ್ಪನೆಯ ಬಟ್ಟೆಯನ್ನು ಮಡಿಸಿದಾಗ ಹೊರಗಿನ ಪದರ ಒಳಗಿನ ಪದರಗಳನ್ನು ಬಳಸಿಕೊಂಡು ಹೋಗಬೇಕು. ಪದರಗಳ ದಪ್ಪ ಎರಡು ಮಿಲಿಮೀಟರಾದರೆ ಈ ಬಳಸುದಾರಿ ಸುಮಾರು ಆರು ಮಿಲಿಮೀಟರು ಹೆಚ್ಚು. ಆ ಆರು ಮಿಲಿಮೀಟರು ಯಾವುದೋ ಒಂದು ಪಾಲಿನಿಂದ ಕಳವಾಗುತ್ತದೆ.

ಅಂದು ರಾತ್ರಿ ನನಗೆ ಜಾನ್ ಬರ್ಡ್ ಎಂಬವನ ನೆನಪಾಯಿತು. 1709ರಿಂದ 1776ರವರೆಗೆ ಬದುಕಿದ್ದ ಈ ಆಂಗ್ಲನು ಮೊದಲು ಡರ್ಹಮ್ ಪ್ರಾಂತದಲ್ಲಿ ನೇಕಾರನಾಗಿದ್ದವನು. ಗಡಿಯಾರದ ಮುಖದ ಮೇಲಿನ ಗೆರೆಗಳ ಒರಟುತನವನ್ನು ಕಂಡು ಅವುಗಳನ್ನು ಇನ್ನೂ ಚೆನ್ನಾಗಿ ಕೊರೆಯಲು ತೊಡಗಿ, ಲಂಡನ್ನಿಗೆ ಹೋಗಿ, ಖಗೋಳ ಯಂತ್ರಗಳ ಮೇಲೆ ಅಂಶಗಳನ್ನು ಗುರುತಿಸುವುದರಲ್ಲಿ ತನ್ನ ಕಾಲದ ಅತ್ಯಂತ ಹೆಸರಾಂತ ಕೈಗಾರನಾದನು. 1750ರಲ್ಲಿ ಗ್ರೀನಿಚ್ ವೀಕ್ಷಣಾಲಯಕ್ಕೆ ಅವನು ಎಂಟು ಅಡಿ ತ್ರಿಜ್ಯದ ಗೋಡೆಯ ಪಾದವಲಯವನ್ನು ಮಾಡಿಕೊಟ್ಟನು. ವೃತ್ತದ ಕಾಲುಭಾಗವನ್ನು ಎಲ್ಲರೂ 90 ಅಂಶಗಳಾಗಿ ಭಾಗಿಸುವರಷ್ಟೆ? ಆ ಯಂತ್ರದ ಕಂಸದ ಮೇಲೆ ಇನ್ನೊಂದು ಸಾಲಿನ ಗೆರೆಗಳೂ ಇದ್ದವು. ಅವು ಅದೇ ಕಾಲುವೃತ್ತವನ್ನು 96 ಪಾಲು ಮಾಡುತ್ತಿದ್ದವು. 96 ಏಕೆ? ವೃತ್ತದ ತ್ರಿಜ್ಯಕ್ಕೆ ಕೈವಾರವನ್ನು ಹಿಡಿದು ಪರಿಧಿಯ ಮೇಲಿಟ್ಟರೆ ಸರಿಯಾಗಿ 60 ಅಂಶಗಳ ಕಂಸ ಸಿಗುತ್ತದೆ. 96ರ ಲೆಕ್ಕದಲ್ಲಿ ಆ ಕಂಸಕ್ಕೆ 64 ಪಾಲು. ಅರವತ್ತನಾಲ್ಕನ್ನು ಆರು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ಮೂರು ಪಾಲು, ಐದು ಪಾಲು ಮಾಡುವ ಗೊಡವೆಯೇ ಇಲ್ಲ. ಕೈವಾರದಿಂದ ಒಂದು ಸಣ್ಣ ಹೆಜ್ಜೆಯನ್ನು ಹಿಡಿದು ಅದನ್ನೇ ಮುಂದೆ ಮುಂದೆ ಇಡುತ್ತ ಹೋಗುವುದರ ಅಪಾಯವನ್ನು ಬರ್ಡ್ ಚೆನ್ನಾಗಿ ಬಲ್ಲವನಾಗಿದ್ದನು. 1767ರಲ್ಲಿ ತನ್ನ ವಿಧಾನವನ್ನು ಪುಸ್ತಕರೂಪದಲ್ಲಿಯೂ ಪ್ರಕಟಿಸಿದನು. ನೇಕಾರನಾಗಿದ್ದವನು ಹಿತ್ತಾಳೆಯ ಮೇಲೆ ಮಾಡಿದ ಕೆಲಸವನ್ನೇ ಅವ್ವ ಹಳೆಯ ಸೀರೆಯ ಮೇಲೆ ಮಾಡಿದ್ದಳು. ನಮ್ಮ ಪಟ್ಟೆಗಳೂ ಅರವತ್ತನಾಲ್ಕೇ ಆಗಿದ್ದುದು ಕೇವಲ ಕಾಕತಾಳೀಯ.

ಮಡಿಕೆಯ ಗುರುತು ಬಹಳ ಹೊತ್ತು ನಿಲ್ಲುವುದಿಲ್ಲ. ಅದರ ಮೇಲೆ ಎರಡು ಮೀಟರು ಉದ್ದದ ನೆಟ್ಟನೆಯ ಗೆರೆಯನ್ನು ಎಳೆಯಬೇಕು. ಅಷ್ಟುದ್ದದ ಅಳತೆಗೋಲು ಯಾರ ಮನೆಯಲ್ಲಿದೆ? ಬಡಗಿಗಳು ಮರದ ದಿಮ್ಮಿಯ ಮೇಲೆ ನೂಲು ಹೊಡೆಯುವುದನ್ನು ನೀವು ನೋಡಿರಬಹುದು. ಬಣ್ಣ ಸವರಿದ ದಾರವನ್ನು ಎರಡು ತುದಿಗಳಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಫಟ್ಟನೆ ಬಡಿದು ಗೆರೆ ಮೂಡುತ್ತದೆ. ಸಂಸ್ಕೃತದಲ್ಲಿ ಬಡಗಿಗೆ ಸೂತ್ರಧಾರನೆಂಬ ಹೆಸರೂ ಉಂಟು. ಯಜ್ಞವೇದಿಕೆಯ ಅಳತೆಗಳನ್ನು ಹೇಳುವ ಶುಲ್ಬಸೂತ್ರಗಳಲ್ಲಿ ಶುಲ್ಬವೆಂದರೆ ಹಗ್ಗವೇ. ಎಳೆದು ಹಿಡಿದ ದಾರ ಎರಡು ಬಿಂದುಗಳ ನಡುವಣ ಅತ್ಯಂತ ಹ್ರಸ್ವವಾದ ದಾರಿಯನ್ನು ಹಿಡಿಯುತ್ತದೆ. ಸರಳರೇಖೆಗೆ ಇದಕ್ಕಿಂತ ಪ್ರಾಮಾಣಿಕವಾದ ಮೂಲವಿಲ್ಲ.

ಆದರೆ ದಾರಕ್ಕೂ ತೂಕವಿದೆಯಲ್ಲ, ಅದು ನಡುವೆ ಜಗ್ಗುವುದಿಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳದಿರನು. ಜಗ್ಗುತ್ತದೆ. ಮೀಟರಿಗೆ ಒಂದು ಗ್ರಾಮು ತೂಗುವ ದಾರವನ್ನು ಎರಡು ಮೀಟರು ಅಂತರದಲ್ಲಿ, ಎರಡು ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದರೆ ನಡುವಿನ ಜಗ್ಗು ಸುಮಾರು ಕಾಲು ಮಿಲಿಮೀಟರು. ಸೊಗಸೆಂದರೆ ಈ ಜಗ್ಗು ನೆಲದ ಕಡೆಗೇ ಹೊರತು ಪಕ್ಕಕ್ಕಲ್ಲ. ಬಟ್ಟೆ ನೆಲದ ಮೇಲೆ ಹರವಿರುವುದರಿಂದ ಗೆರೆಯ ನೆಟ್ಟತನಕ್ಕೆ ಅದರಿಂದ ಕಿಂಚಿತ್ತೂ ಕುಂದಿಲ್ಲ. ಕುಂದು ಬರುವುದು ನಮ್ಮ ಕೈಯಿಂದ: ದಾರವನ್ನು ನೇರವಾಗಿ ಮೇಲಕ್ಕೆತ್ತದೆ ಓರೆಯಾಗಿ ಎಳೆದು ಬಿಟ್ಟರೆ ಗೆರೆ ಬಿಲ್ಲಿನಂತೆ ಬಾಗುತ್ತದೆ. ನಾನೂ ತಂಗಿಯೂ ಎರಡು ತುದಿಗಳನ್ನು ಹಿಡಿದು, ನಡುವೆ ಅವ್ವ ದಾರವನ್ನೆತ್ತಿ ಏಳು ಗೆರೆಗಳನ್ನು ಹೊಡೆದೆವು. ಕೌದಿ ಎಂಟು ಪಾಲಾಯಿತು. ಒಂದೊಂದು ಪಾಲು 20 ಸೆಂಟಿಮೀಟರು.

ಗೆರೆಗಳು ಯಾವ ದಿಕ್ಕಿಗೆ ಇರಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬಟ್ಟೆ ಕಾಗದದಂತಲ್ಲ. ಹಾಸಿನ ಎಳೆಗಳ ಉದ್ದಕ್ಕೋ ಹೊಕ್ಕಿನ ಎಳೆಗಳ ಉದ್ದಕ್ಕೋ ಎಳೆದರೆ ಅದು ಹೆಚ್ಚು ಹಿಗ್ಗುವುದಿಲ್ಲ. ಆದರೆ ಹಾಸು ಹೊಕ್ಕುಗಳ ನಡುವಣ ಕೋನ ಬಹು ಸುಲಭವಾಗಿ ಬದಲಾಗುತ್ತದೆ. ಎಳೆಗಳು ಹೆಣೆದ ಚಿಕ್ಕ ಚೌಕಗಳು ವಜ್ರಾಕೃತಿಗಳಾಗುತ್ತವೆ. ಈ ಕೋನ 90 ಅಂಶಗಳಿಂದ 85ಕ್ಕೆ ಇಳಿಯಿತೆನ್ನೋಣ. ಚೌಕದ ಒಂದು ಕರ್ಣ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಉದ್ದವಾಗಿ, ಇನ್ನೊಂದು ಅಷ್ಟೇ ಗಿಡ್ಡವಾಗುತ್ತದೆ. ಹೀಗಾಗಿ ಗೆರೆಗಳನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದಿದ್ದರೆ 25 ಮಿಲಿಮೀಟರಿನ ಅಂತರ ಒಂದು ಮಿಲಿಮೀಟರಿಗಿಂತ ಹೆಚ್ಚು ಏರುಪೇರಾಗುವುದು. ಎಳೆಗಳ ಉದ್ದಕ್ಕೆ ಎಳೆದಿದ್ದರೆ ಅದೇ ಐದು ಅಂಶಗಳ ಓರೆಯಲ್ಲಿ ಅಂತರ ಬದಲಾಗುವುದು ಕೇವಲ ಹತ್ತನೆಯ ಒಂದು ಮಿಲಿಮೀಟರು. ಲೆಕ್ಕವನ್ನು ತಾವೇ ಮಾಡಿನೋಡಬಹುದು. ಕೋನಗಳ ಸೈನ್ ಕೊಸೈನ್‌ಗಳು ತಿಳಿದಿದ್ದರೆ ಸಾಕು. ಓರೆಗೆರೆಯ ಚಿತ್ತಾರ ಬೇಕೆನ್ನುವವರು ಪದರಗಳನ್ನು ಮೊದಲೇ ದೊಡ್ಡ ದೊಡ್ಡ ಕಚ್ಚಾ ಹೊಲಿಗೆಗಳಿಂದ ನೆಲೆಗೊಳಿಸಿಕೊಳ್ಳುವುದು ಇದಕ್ಕಾಗಿಯೇ.

ಇನ್ನು ಒಂದೊಂದು ಪಾಲಿನೊಳಗೆ ಎಂಟು ಪಟ್ಟೆಗಳು. ಇಲ್ಲಿ ಹಳೆಯ ಮರದ ಪಟ್ಟಿಯನ್ನೇ ಉಪಯೋಗಿಸಿದೆ. ತಪ್ಪು ಈಗಲೂ ಕೂಡುತ್ತದೆ, ಆದರೆ ಎಂಟೇ ಹೆಜ್ಜೆಗಳಲ್ಲಿ. ನಿಯತ ದೋಷ ಹೆಚ್ಚೆಂದರೆ ನಾಲ್ಕು ಮಿಲಿಮೀಟರು. ಆಕಸ್ಮಿಕ ದೋಷ ಒಂದೂವರೆ ಮಿಲಿಮೀಟರಿನ ಒಳಗೆ. ಮುಂದಿನ ದೊಡ್ಡ ಗೆರೆಯನ್ನು ಮುಟ್ಟಿದೊಡನೆ ಲೆಕ್ಕ ಚುಕ್ತಾ. ಹೊಸ ಪಾಲು ಹೊಸ ಖಾತೆ.

ಹಾಗೆಂದು ನಾಲ್ಕು ಮಿಲಿಮೀಟರನ್ನು ಎಂಟನೆಯ ಪಟ್ಟೆಯ ಮೇಲೆಯೇ ಹೊರಿಸಲಾದೀತೆ? ಏಳು ಪಟ್ಟೆಗಳು ಅಗಲವಾಗಿ ಎಂಟನೆಯದು ಇಕ್ಕಟ್ಟಾದರೆ ಕಣ್ಣಿಗೆ ಕೂಡಲೇ ಚುಚ್ಚುತ್ತದೆ. ನಮ್ಮ ಕಣ್ಣಿನ ಸ್ವಭಾವ ವಿಚಿತ್ರವಾದುದು. ಎರಡು ಗೋಡೆಗಳ ನಡುವಿನ ದೂರವೆಷ್ಟೆಂದು ಕೇಳಿದರೆ ಅದು ಅಡಿಗಟ್ಟಲೆ ತಪ್ಪು ಹೇಳೀತು. ಆದರೆ ಒಂದರ ತುದಿಗೊಂದು ಇಟ್ಟ ಎರಡು ಗೆರೆಗಳು ಕೂಡಿವೆಯೋ ಇಲ್ಲವೋ ಎಂಬುದನ್ನು ಹತ್ತು ವಿಕಲೆಗಳಿಗೂ ಕಡಮೆಯ ಸೂಕ್ಷ್ಮತೆಯಿಂದ ಹಿಡಿಯಬಲ್ಲುದು. ಒಂದು ಅಂಶವೆಂದರೆ 3600 ವಿಕಲೆಗಳು. ಕೌದಿಯನ್ನು ನಲವತ್ತು ಸೆಂಟಿಮೀಟರು ದೂರದಲ್ಲಿ ಹಿಡಿದಾಗ ಹತ್ತು ವಿಕಲೆಯೆಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ತಲೆಗೂದಲಿನ ದಪ್ಪಕ್ಕಿಂತಲೂ ಕಡಮೆ. ರೆಟಿನಾದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳ ನಡುವಣ ಅಂತರವೇ ಇದಕ್ಕಿಂತ ಹೆಚ್ಚು! ಅನೇಕ ಕೋಶಗಳ ಸುದ್ದಿಯನ್ನು ಮೆದುಳು ಕೂಡಿಸಿ ತಾಳೆ ನೋಡುವುದರಿಂದ ಈ ಅತಿತೀಕ್ಷ್ಣತೆ ಸಾಧ್ಯವಾಗುತ್ತದೆ. ಪ್ರಯೋಗಶಾಲೆಯಲ್ಲಿ ನೀವು ವರ್ನಿಯರ್ ಮಾಪಕವನ್ನು ಓದುವಾಗ ದುಡಿಯುವುದು ಕಣ್ಣಿನ ಇದೇ ಶಕ್ತಿ. ಅಂತೂ ಕಣ್ಣು ನೆರೆಯನ್ನು ನೆರೆಯೊಡನೆ ಹೋಲಿಸುವುದರಲ್ಲಿ ಪ್ರವೀಣ. ಒಟ್ಟನ್ನು ಅಳೆಯುವುದರಲ್ಲಿ ದಡ್ಡ. ಅಳತೆಪಟ್ಟಿಯನ್ನು ಅಂಚಿನಿಂದ ಹಿಡಿದು 25, 50, 75 ಎಂದು ಗುರುತು ಹಾಕಿದರೆ ತಪ್ಪುಗಳು ಕೂಡುವುದಿಲ್ಲ, ನಿಜ. ಆದರೆ ಪಕ್ಕಪಕ್ಕದ ಎರಡು ಗುರುತುಗಳು ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ತಪ್ಪಿ, ನಡುವಣ ಪಟ್ಟೆ ಎದ್ದುಕಾಣುವಂತೆ ಸೊರಗುವುದುಂಟು.

ಇದಕ್ಕೂ ಅವ್ವನ ಬಳಿ ಉಪಾಯವಿತ್ತು. “ಉಳದದ್ದನ್ನ ಒಂದ ಕಡೆ ಬಿಡಬಾರದು, ನಾಕಕ್ಕ ಹಂಚಬೇಕು” ಎಂದಳು. ನಾಲ್ಕು ಗೆರೆಗಳಾದ ಮೇಲೆ ನಿಂತು, ಮುಂದಿನ ದೊಡ್ಡ ಗೆರೆಗೆ ಇನ್ನೆಷ್ಟು ಉಳಿದಿದೆಯೆಂದು ನೋಡುವುದು. ಅಷ್ಟನ್ನೇ ಉಳಿದ ನಾಲ್ಕು ಪಟ್ಟೆಗಳಿಗೆ ಸಮನಾಗಿ ಹಂಚುವುದು. ನೂರು ಮಿಲಿಮೀಟರಿರಬೇಕಾದ ಕಡೆ 98 ಉಳಿದಿದ್ದರೆ ಪಟ್ಟೆಯೊಂದಕ್ಕೆ ಇಪ್ಪತ್ತನಾಲ್ಕೂವರೆ. ನೆರೆಹೊರೆಯ ಪಟ್ಟೆಗಳಲ್ಲಿ ಈ ಅರ್ಧ ಮಿಲಿಮೀಟರನ್ನು ಯಾವ ಕಣ್ಣೂ ದೂರುವುದಿಲ್ಲ.

ಭೂಮಾಪಕರು ಮಾಡುವುದೂ ಇದನ್ನೇ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಳಿಯಿಂದ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಇನ್ನೊಂದನ್ನು ಅಳೆದು, ಅಲ್ಲಿಂದ ತ್ರಿಕೋನದ ಬೆನ್ನಿಗೆ ತ್ರಿಕೋನವನ್ನು ಕಟ್ಟುತ್ತ ಪಶ್ಚಿಮಕ್ಕೆ ಬಂದನು. ಒಂದರ ಬೆನ್ನು ಹಿಡಿದು ಇನ್ನೊಂದು ಹೊರಟಿತಲ್ಲ! ಅದಕ್ಕಾಗಿಯೇ 1804ರಲ್ಲಿ ಬೆಂಗಳೂರಿನ ಬಳಿ ನೆಲವನ್ನು ಪುನಃ ಅಳೆಸಿ ತಾಳೆ ನೋಡಲಾಯಿತು. ಏಳು ಮೈಲಿಗೂ ಹೆಚ್ಚಿನ ಉದ್ದದಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಇಂತಹ ತಾಳೆಯಲ್ಲಿ ಉಳಿಯುವ ಚಿಕ್ಕ ವ್ಯತ್ಯಾಸವನ್ನು ಒಂದೇ ಕಡೆ ಬಿಡದೆ ಎಲ್ಲ ಭುಜಗಳಿಗೂ ಹಂಚುವುದು ಮಾಪಕರ ಪದ್ಧತಿ. ನಮ್ಮ ಏಳು ದೊಡ್ಡ ಗೆರೆಗಳು ಕೌದಿಯ ಆಧಾರರೇಖೆಗಳಾಗಿದ್ದವು.

ಪುನರಾವರ್ತನೆಯಾಗುವ ತಪ್ಪಿನ ವಿಷಯವಾಗಿ ಒಂದು ಎಚ್ಚರಿಕೆ. ಒಮ್ಮೆಗೇ ಐದು ಗೆರೆಗಳನ್ನು ಎಳೆಯಬಹುದೆಂದು ಕೆಲವರು ರಟ್ಟಿನಲ್ಲಿ ಸೀಳುಗಳನ್ನು ಕತ್ತರಿಸಿಕೊಳ್ಳುತ್ತಾರೆ. ಅದರಲ್ಲಿ ಒಂದು ಸೀಳು ತುಸು ತಪ್ಪಿದ್ದರೂ ಆ ತಪ್ಪು ಐದೈದು ಗೆರೆಗಳಿಗೊಮ್ಮೆ ಮರುಕಳಿಸಿ, ಬಟ್ಟೆಯ ಮೇಲೆ ಅಗಲವಾದ ಇನ್ನೊಂದು ಪಟ್ಟೆಯ ಸಾಲನ್ನೇ ಮೂಡಿಸುತ್ತದೆ. ಅಮೆರಿಕದ ಹೆನ್ರಿ ರೋಲೆಂಡ್ 1880ರ ದಶಕದಲ್ಲಿ ಅಂಗುಲಕ್ಕೆ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಗೆರೆಗಳನ್ನು ಕೊರೆದು ರೋಹಿತಗಳನ್ನು ನೋಡುವ ಗ್ರೇಟಿಂಗುಗಳನ್ನು ತಯಾರಿಸಿದಾಗ, ಕೊರೆಯುವ ಯಂತ್ರದ ತಿರುಪಿನ ಇಂತಹದೇ ಆವರ್ತಕ ದೋಷ ರೋಹಿತದಲ್ಲಿ ಇಲ್ಲದ ರೇಖೆಗಳನ್ನು ತೋರಿಸುತ್ತಿತ್ತು. ಅವುಗಳಿಗೆ ಭೂತಗಳೆಂದೇ ಹೆಸರು. ಆಕಸ್ಮಿಕ ದೋಷವಾದರೋ ಹೀಗೆ ಭೂತ ಬಿಡುವುದಿಲ್ಲ. ಚಿತ್ರವನ್ನು ಸ್ವಲ್ಪ ಮಸುಕು ಮಾಡುತ್ತದೆ, ಅಷ್ಟೆ.

ಗುರುತು ಹಾಕುವ ಸಾಧನದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಚಾಕು ಉದುರಿಹೋಗುತ್ತದೆ, ಸವೆದ ಸಾಬೂನಿನ ಚೂರು ಬಣ್ಣದ ಬಟ್ಟೆಗೆ ಬಲು ಒಳ್ಳೆಯದು, ಮೊದಲ ಒಗೆತಕ್ಕೇ ಗುರುತು ಮಾಯ. ಇಸ್ತ್ರಿಯ ಶಾಖಕ್ಕೆ ಅಳಿಸಿಹೋಗುವ ಶಾಯಿಯ ಪೆನ್ನುಗಳೂ ಈಗ ಬಂದಿವೆ. ಅವುಗಳ ಬಣ್ಣ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿರ್ವರ್ಣವಾಗುವುದೇ ಹೊರತು ನಾಶವಾಗುವುದಿಲ್ಲ. ಸೊನ್ನೆಗಿಂತ ಸಾಕಷ್ಟು ಕೆಳಗಿನ ಚಳಿಯಲ್ಲಿ ಗೆರೆಗಳು ಮರಳಿ ಕಾಣಿಸಿಕೊಳ್ಳುತ್ತವೆ. ಧಾರವಾಡದಲ್ಲಿ ಇದರ ಭಯವಿಲ್ಲ. ಕೌದಿಯನ್ನು ಹಿಮಾಲಯಕ್ಕೆ ಒಯ್ಯುವವರು ಯೋಚಿಸಬೇಕು.

ಗೆರೆ ನೆಟ್ಟಗಿದ್ದ ಮಾತ್ರಕ್ಕೆ ಹೊಲಿಗೆ ನೆಟ್ಟಗಾಗುವುದಿಲ್ಲ. ತಂಗಿ ಒಂದು ಸಾಲನ್ನು ಹೊಲಿಗೆ ಯಂತ್ರದ ಮೇಲೆ ಹಾಕಿ ನೋಡಿದಳು. ಯಂತ್ರದ ಕೆಳಗಿನ ಹಲ್ಲುಗಳು ಕೆಳಪದರವನ್ನು ಹಿಡಿದು ಮುಂದೆ ತಳ್ಳುತ್ತವೆ. ಮೇಲಿನ ಪಾದವು ಮೇಲ್ಪದರವನ್ನು ಒತ್ತಿ ಘರ್ಷಣೆಯಿಂದ ತಡೆಯುತ್ತದೆ. ಹೊಲಿಗೆಯೊಂದಕ್ಕೆ ಮೇಲ್ಪದರ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಹಿಂದೆ ಬಿದ್ದರೂ, ಮೀಟರಿಗೆ ನಾನೂರು ಹೊಲಿಗೆಗಳಾದರೆ ಎಂಟು ಮಿಲಿಮೀಟರು ಹೆಚ್ಚಿನ ಬಟ್ಟೆ ಪಾದದ ಮುಂದೆ ರಾಶಿಯಾಗುತ್ತದೆ. ಮತ್ತೆ ಅದೇ ಕೂಡುವ ತಪ್ಪು! ಒಂದು ಸಾಲನ್ನು ಮೇಲಿನಿಂದ ಕೆಳಕ್ಕೆ, ಪಕ್ಕದ್ದನ್ನು ಕೆಳಗಿನಿಂದ ಮೇಲಕ್ಕೆ ಹೊಲಿದರೆ ಮೇಲ್ಪದರ ವಿರುದ್ಧ ದಿಕ್ಕುಗಳಿಗೆ ಸರಿದು ನಡುವೆ ಓರೆಯಾದ ಸುಕ್ಕುಗಳು ಏಳುತ್ತವೆ. ಎಲ್ಲವನ್ನೂ ಒಂದೇ ದಿಕ್ಕಿಗೆ ಹೊಲಿದರೆ ಸುಕ್ಕು ಕಡಮೆ, ಆದರೆ ಇಡೀ ಮೇಲ್ಪದರ ಒಂದು ಕಡೆಗೆ ಜಾರಲು ನೋಡುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಮೇಲು. ದೊಡ್ಡ ಗೆರೆಗಳನ್ನು ಮೊದಲು ಹೊಲಿದುಕೊಂಡಿದ್ದರೆ ಜಾರುವಿಕೆಗೂ ಅಲ್ಲಲ್ಲಿ ಕಟ್ಟೆ ಬೀಳುತ್ತದೆ. ಮೇಲ್ಪದರವನ್ನೂ ಹಿಡಿದು ನಡೆಯುವ ವಿಶೇಷ ಪಾದವನ್ನು ಯಂತ್ರಕ್ಕೆ ಜೋಡಿಸಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೈಹೊಲಿಗೆಯಲ್ಲಿ ಸೂಜಿ ಎಲ್ಲ ಪದರಗಳನ್ನೂ ಒಟ್ಟಿಗೆ ಹಾಯುವುದರಿಂದ ಈ ಪೇಚಾಟವೇ ಇಲ್ಲ. ಅಲ್ಲಿನ ದೋಷ ಬೇರೆ: ದಾರವನ್ನು ಬಿಗಿಯಾಗಿ ಜಗ್ಗಿದ ಸಾಲು ನೆರಿಗೆಗಟ್ಟಿ ಗಿಡ್ಡವಾಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತ ಹೋದರೆ ಸಡಿಲವಾದ ಬಟ್ಟೆ ಹೊರಕ್ಕೆ ಸರಿದುಹೋಗುವುದು. ಅಂಚುಗಳನ್ನು ಮೊದಲೇ ಮುಚ್ಚಿದರೆ ಅದು ನಡುವೆ ಸಿಕ್ಕಿಬಿದ್ದು ಉಬ್ಬುವುದು.

ಹೀಗೆಂದು ನಿಯಮ ಮಾಡುವಷ್ಟರಲ್ಲಿ ಉತ್ತರ ಕನ್ನಡದ ಸಿದ್ದಿ ಹೆಂಗಸರು ಎದುರು ನಿಲ್ಲುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕ ಮೂಲದ ಈ ಜನರ ಕೌದಿಯ ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚಿನ ಗುಂಟ ಸುತ್ತಿ ಸುತ್ತಿ ಒಳಕ್ಕೆ ಬಂದು ನಡುವೆ ಮುಗಿಯುತ್ತದೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂವುಗಳನ್ನು ಇಡುತ್ತಾರೆ. ಚಾಕಿಲ್ಲ, ನೂಲಿಲ್ಲ, ಹಿಂದಿನ ಸುತ್ತೇ ಮುಂದಿನ ಸುತ್ತಿಗೆ ಅಳತೆ. ಅಂಚಿನಿಂದ ನಡುವಿಗೆ ಹೊಲಿದರೂ ಅದೇಕೆ ಉಬ್ಬುವುದಿಲ್ಲ? ಅವರ ಮೇಲ್ಪದರ ಮೊದಲೇ ಜೋಡಿಸಿಟ್ಟ ಒಂದೇ ಹಾಳೆಯಲ್ಲ. ತೇಪೆಗಳನ್ನು ಒಂದೊಂದಾಗಿ ಇಡುತ್ತಲೇ ಹೊಲಿಯುತ್ತ ಬರುತ್ತಾರೆ. ಉಳಿಕೆ ಬಟ್ಟೆ ಎಷ್ಟೇ ಇದ್ದರೂ ಮುಂದಿನ ತೇಪೆಯ ಅಂಚನ್ನು ಅಷ್ಟು ಹೆಚ್ಚಾಗಿ ಒಳಮಡಿಸಿದರೆ ಮುಗಿಯಿತು ಎಂದು ನನಗೆ ತೋರುತ್ತದೆ. ತಪ್ಪನ್ನು ಹೆಜ್ಜೆಹೆಜ್ಜೆಗೂ ಹಂಚುವ ಇನ್ನೊಂದು ದಾರಿ ಇದು.

ನಮ್ಮ ಕೌದಿ ಒಂದು ತಿಂಗಳಲ್ಲಿ ಮುಗಿಯಿತು. ಅವ್ವ ಮೊದಲು ನಡುವಿನ ಗೆರೆ, ಅನಂತರ ಅದರ ಎರಡೂ ಕಡೆಯ ದೊಡ್ಡ ಗೆರೆಗಳು, ಕೊನೆಗೆ ಅವುಗಳ ನಡುವಿನವು, ಹೀಗೆ ಹೊಲಿದಳು. ತಂಗಿ ಗಂಡುಮಗುವಿನೊಡನೆ ಅದರ ಮೇಲೆ ಮಲಗಿದ್ದಾಗ ನಾನು ಹೆಮ್ಮೆಯಿಂದ ಗೆರೆಗಳನ್ನು ನೋಡಿದ್ದುಂಟು. ಆ ವರ್ಷದ ಕೊನೆಗೆ ಅವ್ವನ ಕಣ್ಣುಗಳ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿ ಕೆಲವು ದಿನಗಳಾದ ಮೇಲೆ ಅವಳು ಕೌದಿಯನ್ನು ಬಾಗಿಲ ಬೆಳಕಿಗೆ ಹರವಿ, ಬಹಳ ಹೊತ್ತು ನೋಡಿ, ಎಡಗಡೆಯಿಂದ ಐದನೆಯ ಪಾಲಿನ ಮೇಲೆ ಬೆರಳಿಟ್ಟಳು. “ಇಲ್ಲಿ ಹಂಚಿಲ್ಲ ನೀ” ಎಂದಳು. ಅಳೆದು ನೋಡಿದೆ. ಏಳು ಪಟ್ಟೆಗಳು ಇಪ್ಪತ್ತೈದೂವರೆ ಮಿಲಿಮೀಟರಿನ ಆಸುಪಾಸಿನಲ್ಲಿದ್ದವು, ಎಂಟನೆಯದು ಇಪ್ಪತ್ತೆರಡು.